ಗೋಡೆ ಮೇಲಿನ ಸಲಹೆ ಯಾರಿಗೆ ಬರೆದದ್ದು?

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೊರೊನಾದ ಜಾಗತಿಕ ತುರ್ತು ಪರಿಸ್ಥಿತಿ ಮುಗೀತು ಅಂತ ಹೇಳಿತು. ನಮ್ಮ ಕಡೆ, ಅಂದ್ರೆ ಬೀದರ್ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ ಸುತ್ತಮುತ್ತ, ಆ ಕಾಲದ ಪೋಸ್ಟರುಗಳು ಇನ್ನೂ ಅಲ್ಲಲ್ಲಿ ಗೋಡೆ ಬಿಟ್ಟಿಲ್ಲ. ಬಣ್ಣ ಬಿಸಿಲಿಗೆ ಹೋಗಿದೆ, ಅಕ್ಷರ ಉಳಿದಿದೆ. ಮಾಸ್ಕ್ ಧರಿಸಿ, ಸಾಮಾಜಿಕ ಅಂತರ ಕಾಪಾಡಿ, ಮನೆಯಲ್ಲೇ ಇರಿ, ಲಕ್ಷಣಗಳಿದ್ದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ, ಲಸಿಕೆ ಪಡೆಯಿರಿ.

ನಾವು ಸಿನಿಮಾ ನೋಡಿ ವಿಮರ್ಶೆ ಬರೀತೀವಿ, ಕಾದಂಬರಿ ಓದಿ ಬರೀತೀವಿ, ಮಸಾಲೆ ದೋಸೆಗೂ ಐದಕ್ಕೆ ಎಷ್ಟು ಸ್ಟಾರ್ ಅಂತ ಲೆಕ್ಕ ಹಾಕ್ತೀವಿ. 2020ರಿಂದ ಎರಡು ವರ್ಷ ನಾಡಿನ ಜನ ಗೋಡೆ ಗೋಡೆಯಲ್ಲಿ ಓದಿದ್ದು, ಫೋನ್ ಹಚ್ಚಿದಾಗೆಲ್ಲ ಕೆಮ್ಮಿನ ಸದ್ದಿನ ಜೊತೆ ಕೇಳಿದ್ದು ಈ ಸಲಹೆಗಳನ್ನೇ. ಅದನ್ನೂ ಒಂದು ಬರಹ ಅಂತ ಹಿಡಿದು, ಯಾರಿಗೆ ಬರೆದರು, ಓದಿದವರಿಗೆ ಏನು ತಿಳೀತು ಅಂತ ಕೇಳಬೇಕು ಅನ್ನಿಸ್ತು. ಜೀವ ಉಳಿಸೋಕೆ ಬರೆದದ್ದು ಅದು. ಹಾಗಾಗಿ ಸಿನಿಮಾಕ್ಕಿಂತ ಬಿಗಿಯಾಗೇ ನೋಡಬೇಕು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಲಸಿಕೆ ಬೇಡ, ಮಾಸ್ಕ್ ಸುಳ್ಳು ಅನ್ನೋರ ಸಾಲಿನಲ್ಲಿ ನಾನಿಲ್ಲ. ಸಲಹೆಗಳಲ್ಲಿ ವೈದ್ಯಕೀಯವಾಗಿ ಹೆಚ್ಚಿನವು ಸರಿಯೇ ಇದ್ದವು. ನಮ್ಮ ಸಾಫ್ಟ್‌ವೇರ್ ಕಸುಬಿನವರಿಗೆ ಇದು ಗೊತ್ತಿರೋ ಸಮಸ್ಯೆ. ಕೋಡ್ ಸರಿ ಇರುತ್ತೆ, ನಮ್ಮ ಲ್ಯಾಪ್‌ಟಾಪಿನಲ್ಲಿ ಓಡುತ್ತೆ, ಬಳಸೋನ ಫೋನಿನಲ್ಲಿ ಬಿದ್ದುಹೋಗುತ್ತೆ. ಆಗ ಬಳಸೋನಿಗೆ ಬುದ್ಧಿ ಇಲ್ಲ ಅಂತ ಯಾವ ಮ್ಯಾನೇಜರೂ ಒಪ್ಪೋದಿಲ್ಲ. ಹಳ್ಳಿ ಜನ ಸಲಹೆ ಕೇಳದಿದ್ದಾಗ ಮಾತ್ರ ನಾವು ಸುಲಭವಾಗಿ ಒಪ್ಪಿಬಿಟ್ಟೆವು.

ಮೊದಲು ಪದಗಳನ್ನು ನೋಡೋಣ. ಪೋಸ್ಟರಿನಲ್ಲಿ 'ಉಸಿರಾಟದ ತೊಂದರೆ' ಅಂತಿದೆ. ನಮ್ಮಲ್ಲಿ ಯಾರೂ ದವಾಖಾನಿಗೆ ಹೋಗಿ ನನಗೆ ಉಸಿರಾಟದ ತೊಂದರೆ ಅನ್ನೋದಿಲ್ಲ. 'ದಮ್ಮು ಹತ್ಲತದ' ಅಂತಾರೆ. ಜ್ವರಕ್ಕೆ 'ಉರಿ ಬಂದಾವ' ಅಂತಾರೆ. ಲಸಿಕೆ ಅಂದ್ರೆ 'ಸೂಜಿ', ಮಾತ್ರೆ ಅಂದ್ರೆ 'ಗುಳಗಿ', ಗಂಟಲ ದ್ರವದ ಮಾದರಿ ಅಂದ್ರೆ 'ಮೂಗಿನ್ಯಾಗ ಕಡ್ಡಿ ಹಾಕೋದು'. ಬೀದರ್ ಜಿಲ್ಲೆಗೆ ಅಂತ ಒಂದು ಪೋಸ್ಟರ್ ಛಾಪಿಸಿ 'ದಮ್ಮು ಹತ್ತಿದ್ರ ತಡ ಮಾಡಬ್ಯಾಡ್ರಿ' ಅಂತ ಬರೆಯೋಕೆ ಖರ್ಚೇನೂ ಹೆಚ್ಚಾಗ್ತಿರಲಿಲ್ಲ. ದಮ್ಮು ಅಂದ ಕೂಡಲೇ ಬೀಡಿ ಸೇದೋ ಮುತ್ಯಾನೂ ತಿರುಗಿ ನೋಡ್ತಾನೆ. 'ಉಸಿರಾಟದ ತೊಂದರೆ' ಅವನಿಗೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇದ್ದಂಗೆ.

ಅದಕ್ಕಿಂತ ಕೆಟ್ಟ ಪದ 'ಸಾಮಾಜಿಕ ಅಂತರ'. ಇಂಗ್ಲಿಷಿನ ಸೋಷಿಯಲ್ ಡಿಸ್ಟೆನ್ಸಿಂಗನ್ನು ಪದಕ್ಕೆ ಪದ ಇಟ್ಟು ಮಾಡಿದ್ದು. ಬೇಕಾಗಿದ್ದದ್ದು ಮೈಗೂ ಮೈಗೂ ನಡುವೆ ಆರು ಅಡಿ ಜಾಗ. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್ 20ರ ಹೊತ್ತಿಗೆ 'ಫಿಸಿಕಲ್' ಅನ್ನೋ ಪದಕ್ಕೆ ಹೊರಳಿತ್ತು. ಆಮೇಲೆ ಕನ್ನಡದಲ್ಲೂ 'ದೈಹಿಕ ಅಂತರ' ಬಂತು, ಆದ್ರೆ ಮೊದಲು ಅಂಟಿಸಿದ ಪೋಸ್ಟರ್ ಯಾರೂ ಕಿತ್ತಲಿಲ್ಲ. ನೆನಪಿಡಿ, ಇದು ಕಲ್ಯಾಣದ ನೆಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆಯ್ತು ಅನ್ನೋ ಕಾರಣಕ್ಕೆ 12ನೇ ಶತಮಾನದಲ್ಲಿ ರಕ್ತ ಹರಿದ ಊರು. ಇಲ್ಲಿ ಸಾಮಾಜಿಕ ಅಂತರ ಅಂದ್ರೆ ಏನು ಅಂತ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಬಾವಿಯಲ್ಲಿ, ಗುಡಿಯಲ್ಲಿ, ಚಹಾದ ಕಪ್ಪಿನಲ್ಲಿ ಅದನ್ನು ಅನುಭವಿಸಿದವರು ಇದ್ದಾರೆ. ಅದನ್ನು 'ಕಾಪಾಡಿ' ಅಂತ ಸರ್ಕಾರದ ಮುದ್ರೆ ಹಾಕಿ ಬಸವಕಲ್ಯಾಣದ ಗೋಡೆ ಮೇಲೆ ಬರೆಯೋದು ಬರೀ ಅನುವಾದದ ಎಡವಟ್ಟು ಅಂತ ಬಿಡೋಕೆ ಆಗಲ್ಲ. ಮೊದಲೇ ದೂರ ಇಟ್ಟಿದ್ದವರನ್ನು ಇನ್ನಷ್ಟು ದೂರ ಇಡೋಕೆ ಅದೊಂದು ನೆಪವೂ ಆಗಬಹುದಿತ್ತು.

ಎರಡನೇದು 'ಮನೆಯಲ್ಲೇ ಇರಿ'. ಬರೆದವರ ಕಣ್ಣಮುಂದೆ ಇದ್ದ ಮನೆ ಯಾವುದು? ಎರಡು ಬೆಡ್‌ರೂಮು, ಒಂದಕ್ಕೆ ಅಟ್ಯಾಚ್ಡ್ ಬಾತ್‌ರೂಮು, ಬಾಗಿಲಿಗೆ ಬರೋ ಡೆಲಿವರಿ ಹುಡುಗ. ಸೋಂಕಿತರು ಪ್ರತ್ಯೇಕ ಕೋಣೆಯಲ್ಲಿರಬೇಕು, ಪ್ರತ್ಯೇಕ ಶೌಚಾಲಯ ಬಳಸಬೇಕು ಅನ್ನೋ ಸಾಲು ಆ ಮನೆಯದು. ಕೊಹಿನೂರದ ಕಡೆ ಎಷ್ಟೋ ಮನೆಗಳಲ್ಲಿ ಅಡುಗೆ, ಜ್ವಾಳದ ಚೀಲ, ಆರು ಜನರ ಹಾಸಿಗೆ ಎಲ್ಲ ಒಂದೇ ಪಡಸಾಲೆಯಲ್ಲಿ. ಅಂಥಾ ಮನೆಯಲ್ಲಿ ಬಾಗಿಲು ಹಾಕ್ಕೊಂಡು ಒಳಗೆ ಕೂತರೆ ರೋಗಕ್ಕೇ ಅನುಕೂಲ.

ಇಲ್ಲೇ ನನಗೆ ಹೆಚ್ಚು ಸಿಟ್ಟು ಬರೋದು. ರೋಗ ಗಾಳಿಯಲ್ಲಿ ಹರಡುತ್ತೆ, ಕಿಟಕಿ ಬಾಗಿಲು ತೆಗೀರಿ, ಗಾಳಿ ಆಡಲಿ ಅಂತ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 2021ರ ಮೇ 20ರಂದು ಸೂಚನೆ ಹೊರಡಿಸಿತು. ಹಳ್ಳಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ. ಕಿಟಕಿ ಕಡಿಮೆ ಇರಬಹುದು, ಅಂಗಳ ಇದೆ, ಕಟ್ಟೆ ಇದೆ, ಬೇಸಿಗೆಯಲ್ಲಿ ಮಲಗೋಕೆ ಮಾಳಿಗೆ ಇದೆ. ಮೇ ತಿಂಗಳ ಬಿಸಿಲಿಗೆ ಜನ ಹೇಗಿದ್ದರೂ ಹೊರಗೇ ಮಲಗ್ತಾರೆ. 'ಉರಿ ಬಂದವರು ಮಾಳಿಗಿ ಮ್ಯಾಲ ಮಲಗ್ರಿ, ಉಳಿದವರು ಅಂಗಳದಾಗ' ಅಂತ ಒಂದು ಸಾಲು ಸಾಕಿತ್ತು. ಅದನ್ನು ಪೋಸ್ಟರಿನಲ್ಲಿ ನಾನು ನೋಡಲಿಲ್ಲ. ಇಲ್ಲದ ಕೋಣೆಯ ಬಗ್ಗೆ ಸಲಹೆ ಬಂತು, ಇದ್ದ ಅಂಗಳದ ಬಗ್ಗೆ ಬರಲಿಲ್ಲ.

ಇನ್ನು ಪರೀಕ್ಷೆ. ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಪಕ್ಕದ ಕಲಬುರಗಿಯಲ್ಲಿ. 76 ವರ್ಷದ ಹಿರಿಯರು, 2020ರ ಮಾರ್ಚ್ 10ರಂದು ತೀರಿಕೊಂಡರು. ಕೊರೊನಾ ಅಂತ ಖಚಿತವಾದದ್ದು 12ಕ್ಕೆ. ಅಷ್ಟರಲ್ಲಿ ಅವರನ್ನು ಹೈದರಾಬಾದಿಗೂ ಒಯ್ದು ತಂದಾಗಿತ್ತು. ಸಾವಿನ ಹಿಂದೆ ವರದಿ ನಡೆದುಕೊಂಡು ಬಂದ ಈ ಕಥೆ ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಹಾಗಿದ್ದಾಗ 'ಪರೀಕ್ಷೆ ಮಾಡಿಸಿಕೊಳ್ಳಿ' ಅಂದರೆ ಜನ ಕೇಳೋದು ಎರಡೇ ಪ್ರಶ್ನೆ. ಎಷ್ಟು ದಿನಕ್ಕೆ ಗೊತ್ತಾಗ್ತದ? ಬಂದ್ರ ಮುಂದೇನು ಮಾಡ್ತಾರ? ಪೋಸ್ಟರಿನಲ್ಲಿ ಎರಡಕ್ಕೂ ಉತ್ತರ ಇಲ್ಲ.

ಸಲಹೆ ಬಿಟ್ಟ ಜಾಗವನ್ನು ಜನ ಕಣ್ಣಾರೆ ಕಂಡದ್ದರಿಂದ ತುಂಬಿಕೊಂಡರು. ಕೈ ಮೇಲೆ ಅಳಿಸದ ಮಸಿಯ ಮುದ್ರೆ, ಓಣಿಗೆ ಅಡ್ಡ ಕಟ್ಟಿದ ಬಿದಿರು, ಬಾಗಿಲಿಗೆ ಅಂಟಿಸಿದ ಚೀಟಿ, ಸೈರನ್ ಹೊಡೆಯುತ್ತ ಬಂದ ಆಂಬುಲೆನ್ಸು. ಇಷ್ಟು ನೋಡಿದ ಮೇಲೆ 'ಕಡ್ಡಿ ಹಾಕಿಸ್ಕೊಂಡ್ರ ಒಯ್ತಾರ' ಅನ್ನೋದು ಮೂಢನಂಬಿಕೆ ಹೇಗಾಗುತ್ತೆ? ನೋಡಿದ್ದನ್ನೇ ಹೇಳಿದರು. ಅವರ ಹೆದರಿಕೆಗೆ ಉತ್ತರ ಕೊಡೋದು ಸಲಹೆ ಬರೆದವರ ಕೆಲಸ ಆಗಿತ್ತು.

ಫಲಿತಾಂಶದ ಭಾಷೆಯೂ ಅಷ್ಟೇ. ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆ ಅರ್ಧ ಗಂಟೆಯೊಳಗೆ ಉತ್ತರ ಕೊಡುತ್ತೆ, ಆದರೆ ರೋಗ ಇದ್ದವರನ್ನೂ ಕೆಲವೊಮ್ಮೆ ಇಲ್ಲ ಅಂತ ಬಿಟ್ಟುಬಿಡುತ್ತೆ. ಅದಕ್ಕೇ ಲಕ್ಷಣ ಇದ್ದು ನೆಗೆಟಿವ್ ಬಂದರೆ ಆರ್‌ಟಿಪಿಸಿಆರ್ ಮಾಡಿಸಲೇಬೇಕು ಅಂತ ಐಸಿಎಂಆರ್ ನಿಯಮ ಇತ್ತು. ಆ ಕಾಲದ ನಿಯಮಗಳಲ್ಲೇ ಅತಿ ಮುಖ್ಯವಾದವುಗಳಲ್ಲಿ ಇದೊಂದು. ಆದ್ರೆ 'ನೆಗೆಟಿವ್' ಅನ್ನೋ ಒಂದೇ ಪದ ಕೈಗೆ ಕೊಟ್ಟು ಕಳಿಸಿದರೆ, ಕೆಮ್ಮುತ್ತಲೇ ಮದುವೆಗೆ ಹೋಗೋನನ್ನು ತಡೆಯೋರು ಯಾರು? 'ಇವತ್ತು ಸಿಕ್ಕಿಲ್ಲ, ಕೆಮ್ಮು ಇದ್ದರ ಇನ್ನೊಂದು ಸಲ ನೋಡಬೇಕು' ಅಂತ ಚೀಟಿ ಮೇಲೆ ಬರೆಯಬಹುದಿತ್ತು.

ಲಸಿಕೆಗೆ ಬರ್ತೀನಿ. ಕೋವಿಶೀಲ್ಡಿನ ಎರಡು ಡೋಸ್ ನಡುವಿನ ಅಂತರ ಮೊದಲು 4ರಿಂದ 6 ವಾರ. 2021ರ ಮಾರ್ಚ್ 22ಕ್ಕೆ 6ರಿಂದ 8 ವಾರ ಆಯ್ತು. ಮೇ 13ಕ್ಕೆ 12ರಿಂದ 16 ವಾರ. ಅಂತರ ಹೆಚ್ಚಾದರೆ ರಕ್ಷಣೆ ಚೆನ್ನಾಗಿ ಬರುತ್ತೆ ಅನ್ನೋದಕ್ಕೆ ಬೇರೆ ದೇಶದ ಅಧ್ಯಯನಗಳ ಆಧಾರ ಇತ್ತು. ಆದರೆ ಅದೇ ಮೇ ತಿಂಗಳಲ್ಲಿ ಡೋಸ್ ಸಾಲದೆ ರಾಜ್ಯದಲ್ಲಿ 18ರಿಂದ 44 ವಯಸ್ಸಿನವರ ಲಸಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದರು. ಎರಡೂ ಸುದ್ದಿ ಒಟ್ಟಿಗೆ ಬಂದಾಗ ಹಳ್ಳಿ ಕಟ್ಟೆ ಮೇಲೆ ಏನು ಅರ್ಥ ಹುಟ್ಟುತ್ತೆ ಹೇಳಿ? 'ಮಾಲಿಲ್ಲ, ಅದಕ್ಕ ಮುಂದ ಹಾಕ್ಯಾರ.' ನಾವು ಒಂದು ಆಪ್‌ನ ಬಟನ್ ಬಣ್ಣ ಬದಲಿಸಿದರೂ ಯಾಕೆ ಬದಲಿಸಿದೆವು ಅಂತ ರಿಲೀಸ್ ನೋಟ್ ಬರೀತೀವಿ. ಮೈಗೆ ಚುಚ್ಚೋ ಔಷಧಿಯ ವೇಳಾಪಟ್ಟಿ ಎರಡು ಸಲ ಬದಲಾದಾಗ ಗೋಡೆಗೆ ಬಂದದ್ದು ಹೊಸ ತಾರೀಕು ಮಾತ್ರ, ಕಾರಣ ಬರಲಿಲ್ಲ.

ಕೋವಿನ್ ಕಥೆ ನಿಮಗೆಲ್ಲ ನೆನಪಿದೆ. ಬೆಂಗಳೂರಲ್ಲಿ ಕೂತ ನಾವು ಟೆಲಿಗ್ರಾಂ ಅಲರ್ಟ್ ಹಾಕಿಕೊಂಡು, ಪೈಥಾನ್ ಸ್ಕ್ರಿಪ್ಟ್ ಹಂಚಿಕೊಂಡು ಸ್ಲಾಟ್ ಹಿಡಿದ ಕಾಲ. ತಾಣ ಮೊದಲು ಇಂಗ್ಲಿಷಿನಲ್ಲಿ ಬಂತು. ಕನ್ನಡ ಸೇರಿದ್ದು 2021ರ ಜೂನ್‌ನಲ್ಲಿ, ಸುಪ್ರೀಂ ಕೋರ್ಟ್ ಈ ಡಿಜಿಟಲ್ ಕಂದಕದ ಬಗ್ಗೆ ಕೇಂದ್ರವನ್ನು ಪ್ರಶ್ನೆ ಮಾಡಿದ ಹೊತ್ತಿಗೆ. ಒಂದು ನಂಬರಿಗೆ ನಾಲ್ಕೇ ಜನ. ಮನೆಯ ಒಂದೇ ಸ್ಮಾರ್ಟ್‌ಫೋನು ಪುಣೆಯಲ್ಲಿ ದುಡಿಯೋ ಮಗನ ಜೇಬಿನಲ್ಲಿದ್ದರೆ ಓಟಿಪಿ ಪುಣೆಗೆ ಹೋಗುತ್ತೆ, ತೋಳು ಕೊಹಿನೂರದಲ್ಲಿ ಇರುತ್ತೆ. ಸರ್ಕಾರಿ ಕೇಂದ್ರಗಳಲ್ಲಿ 18ರಿಂದ 44 ವಯಸ್ಸಿನವರು ನೇರ ಹೋಗಿ ಹೆಸರು ಬರೆಸಬಹುದು ಅಂತ ಆದದ್ದು ಮೇ 24ಕ್ಕೆ. ಅಲ್ಲೀತನಕ 'ಲಸಿಕೆ ಪಡೆಯಿರಿ' ಅನ್ನೋ ಆಜ್ಞೆ ಅವರ ಪಾಲಿಗೆ ಬೀಗ ಹಾಕಿದ ಬಾಗಿಲ ಮೇಲಿನ ಸ್ವಾಗತದ ಬೋರ್ಡು.

ಎಲ್ಲಕ್ಕಿಂತ ಹೆಚ್ಚು ಸಲಹೆಯ ಬಾಯಿ ಮುಚ್ಚಿಸಿದ್ದು ನಮ್ಮದೇ ತಾಲ್ಲೂಕಿನ ಉಪಚುನಾವಣೆ. ಶಾಸಕ ಬಿ. ನಾರಾಯಣರಾವ್ 2020ರ ಸೆಪ್ಟೆಂಬರ್ 24ರಂದು ಕೊರೊನಾದಿಂದಲೇ ತೀರಿಕೊಂಡರು. ಆ ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು, ಎರಡನೇ ಅಲೆ ಏರುತ್ತಿದ್ದಾಗ ಮತದಾನ. ಬಸವಕಲ್ಯಾಣ ಮಹಾರಾಷ್ಟ್ರಕ್ಕೆ ಅಂಟಿಕೊಂಡ ತಾಲ್ಲೂಕು, ಪುಣೆಯಿಂದ ಹೈದರಾಬಾದಿಗೆ ಹೋಗೋ ಹೆದ್ದಾರಿ ಈ ಭಾಗದಲ್ಲೇ ಹುಮನಾಬಾದ್ ಮೇಲೆ ಹಾಯುತ್ತೆ, ಆಗ ಮಹಾರಾಷ್ಟ್ರದಲ್ಲಿ ಸೋಂಕು ಉಕ್ಕುತ್ತಿತ್ತು. ಏಪ್ರಿಲ್ 10ರಿಂದ ಬೀದರ್ ನಗರದಲ್ಲಿ ರಾತ್ರಿ ಕರ್ಫ್ಯೂ. ಅದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ಹಗಲು ಎಲ್ಲ ಪಕ್ಷಗಳ ಪ್ರಚಾರ ಸಭೆ. ಗೋಡೆ ಒಂದು ಹೇಳ್ತಿತ್ತು, ಗೋಡೆ ಮುಂದಿನ ಮೈದಾನ ಇನ್ನೊಂದು. ಜನ ಗೋಡೆಯನ್ನು ನಂಬಬೇಕಿತ್ತಾ? ಸಲಹೆ ಕೊಡೋರು ಅದನ್ನು ತಾವೇ ಮುರಿದರೆ, ಎಷ್ಟು ಚಂದದ ಕನ್ನಡದಲ್ಲಿ ಬರೆದರೂ ಅದು ಬರೀ ಸುಣ್ಣ.

ಹಾಗಾದರೆ ಚೆನ್ನಾಗಿದ್ದದ್ದು ಏನೂ ಇಲ್ವಾ? ಇತ್ತು. 'ಆಕ್ಸಿಜನ್ 94ಕ್ಕಿಂತ ಕೆಳಗೆ ಬಂದರೆ ದವಾಖಾನೆಗೆ ಹೋಗಿ' ಅನ್ನೋ ಸಲಹೆ ನನ್ನ ಲೆಕ್ಕದಲ್ಲಿ ಇಡೀ ಕಾಲದ ಅತ್ಯುತ್ತಮ ವಾಕ್ಯ. ಒಂದು ಅಂಕಿ, ಒಂದು ಕೆಲಸ. ಶಾಲೆ ಮೆಟ್ಟಿಲು ಹತ್ತದವರೂ ಬೆರಳು ಯಂತ್ರದಲ್ಲಿಟ್ಟು ಆ ಅಂಕಿ ಕೇಳಿ ತಿಳಿದುಕೊಂಡರು. ಸೋಪಿನಲ್ಲಿ 20 ಸೆಕೆಂಡು ಕೈ ತೊಳೆಯೋದೂ ಹಾಗೇ. ವೈರಸ್ಸಿನ ಸುತ್ತ ಇರೋ ಕೊಬ್ಬಿನ ಪದರವನ್ನು ಸೋಪು ಒಡೆಯುತ್ತೆ, ಅದಕ್ಕೆ ಐದು ರೂಪಾಯಿಯ ಸೋಪೇ ಸಾಕು ಅಂತ ಹೇಳಿದವರ ಮಾತು ನಿಂತಿತು.

ಇನ್ನೂ ಒಳ್ಳೆಯ ಸಲಹೆ ಗೋಡೆ ಮೇಲೆ ಇರಲೇ ಇಲ್ಲ, ಆಶಾ ಕಾರ್ಯಕರ್ತೆಯರ ಬಾಯಲ್ಲಿತ್ತು. ನಮ್ಮ ಓಣಿಯ ಒಬ್ಬ ಮುತ್ಯಾಗೆ ಆಶಾ ಹೇಳಿದ್ದು ನನಗೆ ಪೂರ್ತಿ ನೆನಪಿದೆ: 'ಮುತ್ಯಾ, ಸೂಜಿ ಮಾಡಿದ ರಾತ್ರಿ ಉರಿ ಬರ್ತಾವ, ಅಂಜಬ್ಯಾಡ. ಈ ಗುಳಗಿ ತಗೋ. ಮರುದಿನ ಹೊಲಕ್ಕ ಹೋಗಬ್ಯಾಡ, ಮೂರನೇ ದಿನಕ್ಕ ಎದ್ದು ಓಡಾಡ್ತಿ.' ಪೋಸ್ಟರ್ 'ಲಸಿಕೆ ಸುರಕ್ಷಿತ' ಅಂದು ಸುಮ್ಮನಾಗಿತ್ತು. ಆದರೆ ಆ ವರ್ಷ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 289 ರೂಪಾಯಿ. ಎರಡು ದಿನ ಮಲಗಿದರೆ 578 ಹೋಯ್ತು. ಕೂಲಿಯವರ ಅನುಮಾನ ವಿಜ್ಞಾನದ ಮೇಲೆ ಇರಲಿಲ್ಲ, ಆ ಎರಡು ದಿನದ ಮೇಲಿತ್ತು. ಆಶಾ ಅದನ್ನು ಅರಿತು ದಿನ ಲೆಕ್ಕ ಹಾಕಿ ಹೇಳಿದಳು. ಮೊದಲೇ ಹೇಳಿದ್ದರಿಂದ ರಾತ್ರಿ ಜ್ವರ ಬಂದಾಗ ಅವಳ ಮಾತು ನಿಜ ಅನ್ನಿಸ್ತು. ಹೇಳದೇ ಇದ್ದಲ್ಲಿ ಅದೇ ಜ್ವರ 'ಸೂಜಿಯಿಂದ ಜಡ್ಡು ಬಂತು' ಅನ್ನೋ ಸುದ್ದಿ ಆಯ್ತು.

ಈ ಮಾತಿಗೆ ನಾವು ಕೊಟ್ಟ ಬೆಲೆ ಏನು? 2020ರ ಜುಲೈನಲ್ಲಿ, ಕೊರೊನಾ ನಡುವೆಯೇ, ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಮುಷ್ಕರ ಹೂಡಬೇಕಾಯ್ತು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು.

ಆಗ ಸಮಯ ಇರಲಿಲ್ಲ, ಎಲ್ಲರೂ ಗಾಬರಿಯಲ್ಲಿದ್ದರು ಅಂತ ನೀವು ಹೇಳಬಹುದು. 2020ರ ಮಾರ್ಚ್‌ಗೆ ಆ ಮಾತು ಒಪ್ತೀನಿ. 2021ರ ಏಪ್ರಿಲ್‌ಗೆ ಒಪ್ಪಲ್ಲ, ನಡುವೆ ಒಂದು ವರ್ಷ ಇತ್ತು. ಈಗಂತೂ ಒಪ್ಪೋಕೆ ಕಾರಣವೇ ಇಲ್ಲ. ಡೆಂಗಿಯ ಪೋಸ್ಟರ್, ಕ್ಷಯದ ಪೋಸ್ಟರ್ ಇವತ್ತಿಗೂ ಅದೇ ಅಚ್ಚಿನಲ್ಲಿ ಬರ್ತಿವೆ: ಧರಿಸಿ, ಕಾಪಾಡಿ, ಪಡೆಯಿರಿ.

ನನ್ನ ಬೇಡಿಕೆ ಸಣ್ಣದು. ಛಾಪಿಸೋ ಮೊದಲು ಆ ಹಾಳೆಯನ್ನು ಆಯಾ ಜಿಲ್ಲೆಯ ಮೂವರು ಆಶಾಗಳ ಮುಂದೆ ಓದಿ. 'ಇದನ್ನು ನಿಮ್ಮೂರಾಗ ಹೆಂಗ ಹೇಳ್ತೀರಿ?' ಅಂತ ಕೇಳಿ ಬರೆದುಕೊಳ್ಳಿ. ಅವರು ಹೇಳಿದ್ದನ್ನೇ ಛಾಪಿಸಿ, ಆ ಅರ್ಧ ದಿನದ ಕೆಲಸಕ್ಕೆ ದುಡ್ಡೂ ಕೊಡಿ. ನಮ್ಮ ಕಂಪನಿಗಳಲ್ಲಿ ಇದಕ್ಕೆ ಯೂಸರ್ ಟೆಸ್ಟಿಂಗ್ ಅಂತ ಹೆಸರಿಟ್ಟು ಲಕ್ಷಾಂತರ ಸುರೀತಾರೆ, ಅದೂ ಶಾಪಿಂಗ್ ಆಪ್‌ಗೆ.