ಬೇಗೂರಿನ ಕಲ್ಲು, ಜೀವಶಾಸ್ತ್ರದ ಲೆಕ್ಕ

ಮನುಷ್ಯನ ನಡತೆಯ ಬೇರುಗಳನ್ನು ಅವನ ಶಾಸ್ತ್ರಗ್ರಂಥಗಳಲ್ಲಿ ಅಲ್ಲ, ಅವನ ರಕ್ತಮಾಂಸಗಳಲ್ಲಿ ಅರಸಬೇಕೆಂಬ ವಾದವು 1975ರಲ್ಲಿ ಎಡ್ವರ್ಡ್ ವಿಲ್ಸನ್ನನ 'ಸೋಶಿಯೊಬಯಾಲಜಿ' ಪ್ರಕಟವಾದಂದಿನಿಂದ ವಿದ್ವತ್ಸಭೆಗಳನ್ನು ದಾಟಿ ಮನೆಯ ಜಗುಲಿಯವರೆಗೂ ಬಂದಿದೆ. ತಾಯಿಯ ವಾತ್ಸಲ್ಯ, ಅಣ್ಣತಮ್ಮಂದಿರ ಮತ್ಸರ, ಪರಕೀಯನ ಮೇಲಣ ಶಂಕೆ, ಇವೆಲ್ಲಕ್ಕೂ ಅಲ್ಲಿ ಉತ್ತರವುಂಟು. ಆದರೆ ತನ್ನ ಪ್ರಾಣವನ್ನು ತಾನಾಗಿ ತೆತ್ತವನ ವಿಷಯದಲ್ಲಿ ಆ ಉತ್ತರವು ಎಷ್ಟು ದೂರ ಸಲ್ಲುವುದೆಂಬುದನ್ನು ಪರೀಕ್ಷಿಸಬೇಕಾದರೆ ಬೇಗೂರಿನ ಕಲ್ಲುಗಳಿಗಿಂತ ಒಳ್ಳೆಯ ಒರೆಗಲ್ಲು ನನಗೆ ಕಂಡಿಲ್ಲ.

ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ದೊಡ್ಡ ವೀರಗಲ್ಲಿನಲ್ಲಿ ಆನೆ ಕುದುರೆ ಬಿಲ್ಲಾಳುಗಳ ದಟ್ಟಣೆಯ ನಡುವೆ ಕೆತ್ತಿರುವ ವೃತ್ತಾಂತ ಸರಳವಾದುದು: ಗಂಗ ಎರೆಯಪ್ಪನ ಸಾಮಂತನಾದ ನಾಗತ್ತರನು ಅಯ್ಯಪದೇವನಿಗೆ ನೆರವಾಗಿ ವೀರಮಹೇಂದ್ರನ ಮೇಲೆ ತುಂಬೆಪಾಡಿಯಲ್ಲಿ ಕಾದಿ, ತನ್ನವರ ಪಡೆ ಕದಡತೊಡಗಿದಾಗ ಹಿಂದೆಗೆಯದೆ ಮುನ್ನುಗ್ಗಿ ಸತ್ತನು, ಅದನ್ನು ಕೇಳಿದ ಎರೆಯಪ್ಪನು ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ, ಎಂದರೆ ಮಡಿದ ವೀರನ ಹೆಸರಿನ ಭೂದತ್ತಿಯಾಗಿ, ಕೊಟ್ಟನು. ಬೆಂಪೂರೆಂದರೆ ಇಂದಿನ ಬೇಗೂರೇ. ಸಾವಿನ ವರ್ಣನೆ ಮುಗಿಯುತ್ತಲೇ ಶಾಸನವು ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಎಣಿಸುವ ರೀತಿಯನ್ನು ನೋಡಿದರೆ, ಕೆತ್ತಿಸಿದವರಿಗೆ ಶೌರ್ಯದಷ್ಟೇ ಭೂಮಿಯೂ ಮುಖ್ಯವಾಗಿತ್ತೆಂದು ಯಾರಿಗಾದರೂ ತೋರುವುದು.

ಜೀವಶಾಸ್ತ್ರಜ್ಞನು ಇಲ್ಲಿ ಮುಗುಳುನಗುವುದು ಸಹಜ. 1964ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಮಂಡಿಸಿದ ಸೂತ್ರದಂತೆ, ತ್ಯಾಗದಿಂದ ಬಂಧುವಿಗೆ ಒದಗುವ ಲಾಭವನ್ನು ಬಾಂಧವ್ಯದ ಅಂಶದಿಂದ ಗುಣಿಸಿದಾಗ ಬರುವ ಮೊತ್ತವು ತ್ಯಾಗಿಯ ನಷ್ಟವನ್ನು ಮೀರುವುದಾದರೆ, ಅಂತಹ ತ್ಯಾಗದ ಪ್ರವೃತ್ತಿಯು ಸಂತತಿಯಲ್ಲಿ ಉಳಿದು ಬೆಳೆಯಬಲ್ಲುದು. ಒಡಹುಟ್ಟಿದವರಿಗೆ ಆ ಅಂಶ ಅರ್ಧ, ದಾಯಾದಿ ಸೋದರರಿಗೆ ಎಂಟರಲ್ಲೊಂದು. ಇರುಗನು ನಾಗತ್ತರನ ರಕ್ತಸಂಬಂಧಿಯೇ ಎಂದು ಇಟ್ಟುಕೊಂಡರೆ ಹನ್ನೆರಡು ಹಳ್ಳಿಗಳ ಲಾಭವು ಒಂದು ತಲೆಯ ನಷ್ಟವನ್ನು ಸುಲಭವಾಗಿ ತೂಗಿಬಿಡುವುದು. ಲೆಕ್ಕವು ಇಷ್ಟು ಸಲೀಸಾಗಿ ಸರಿಹೋದುದೇ ನನ್ನ ಅನುಮಾನಕ್ಕೆ ಕಾರಣ.

ಏಕೆಂದರೆ ಈ ಲೆಕ್ಕದಲ್ಲಿ ಜನಪ್ರಿಯ ಬರಹಗಾರರು ರಕ್ತವನ್ನು ಮಾತ್ರ ಹಿಡಿದುಕೊಂಡು ಲಾಭನಷ್ಟಗಳನ್ನು ಬಿಟ್ಟುಬಿಡುತ್ತಾರೆ. ಆ ಏಕಾಂಗದೃಷ್ಟಿಯನ್ನು ತಿದ್ದಿದ ಒಂದು ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆಯಿತೆಂಬುದು ಅಭಿಮಾನದ ಸಂಗತಿ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರರು 'ರೋಪಾಲಿಡಿಯ ಮಾರ್ಜಿನಾಟ' ಎಂಬ ಕಣಜವನ್ನು ದಶಕಗಳ ಕಾಲ ಅಭ್ಯಸಿಸಿ, ರಾಣಿಯು ಹಲವು ಗಂಡುಗಳೊಡನೆ ಕೂಡುವುದರಿಂದಲೂ ಗೂಡಿನ ರಾಣಿಯರು ಕಾಲಕಾಲಕ್ಕೆ ಬದಲಾಗುವುದರಿಂದಲೂ ದುಡಿಯುವ ಹೆಣ್ಣುಗಳ ನಡುವಣ ಬಾಂಧವ್ಯ ಬಹಳ ತೆಳುವಾಗಿರುವುದೆಂದು ತೋರಿಸಿಕೊಟ್ಟರು. ಆದರೂ ಅವು ಪರರ ಮರಿಗಳಿಗಾಗಿ ದುಡಿಯುತ್ತವೆ. ಒಂಟಿಯಾಗಿ ಗೂಡುಕಟ್ಟಿದ ಕಣಜ ನಡುವೆ ಸತ್ತರೆ ಅದರ ಶ್ರಮವೆಲ್ಲ ವ್ಯರ್ಥ. ಕೂಡುಗೂಡಿನಲ್ಲಿ ಸತ್ತರೆ ಅದು ಅರ್ಧ ಸಾಕಿದ ಮರಿಯನ್ನು ಉಳಿದವು ಮುಂದುವರಿಸುವುವು. ತ್ಯಾಗಕ್ಕೆ ಪ್ರತಿಫಲದ ಭರವಸೆಯಿರುವುದು ರಕ್ತದಷ್ಟೇ ಪ್ರಬಲವಾದ ಕಾರಣವೆಂಬುದು ಇದರಿಂದ ಬರುವ ತಾತ್ಪರ್ಯ. ಕಲ್ನಾಡು ಅಂತಹ ಭರವಸೆಯಲ್ಲದೆ ಮತ್ತೇನು? ಸತ್ತವನಿಗೆ ಕೊಟ್ಟ ಭೂಮಿಯನ್ನು ಊರವರೆಲ್ಲರ ಕಣ್ಣೆದುರು ಕಲ್ಲಿನಲ್ಲಿ ಬರೆಯಿಸುವುದು, ಮುಂದೆ ಸಾಯಬೇಕಾದವನಿಗೆ ಅರಸನು ಬರೆದುಕೊಟ್ಟ ಪತ್ರವೇ ಸರಿ. ಸಿದ್ಧಾಂತದ ಬಲವಾದ ಭಾಗ ಇದು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ತೊಡಕು ಮೊದಲಾಗುವುದು ರಕ್ತಸಂಬಂಧವಿಲ್ಲದ ಒಡೆಯನಿಗಾಗಿ ಸತ್ತವರಲ್ಲಿ. ಅದೇ ಬೇಗೂರಿನ ಮತ್ತೊಂದು ಕಲ್ಲು, ಬೆಂಗಳೂರೆಂಬ ಹೆಸರನ್ನು ಮೊದಲು ಕಾಣಿಸಿದುದಕ್ಕಾಗಿ ಎಲ್ಲರೂ ಬಲ್ಲ ಕಲ್ಲು, ನಾಗತ್ತರನ ಮನೆಯ ಸೇವಕನು ಬೆಂಗಳೂರ ಕಾಳಗದಲ್ಲಿ ಮಡಿದುದನ್ನು ಹೇಳುವುದು. ಒಡೆಯನೊಡನೆ ಸಾಯುವ ವೇಳೆವಾಳಿಗಳೂ, ಹೊಯ್ಸಳ ಅರಸ ವೀರಬಲ್ಲಾಳನಿಗಾಗಿ ಪ್ರಾಣಬಿಟ್ಟ ದಂಡನಾಯಕ ಕುವರಲಕ್ಷ್ಮನೂ ಈ ಸಾಲಿಗೆ ಸೇರಿದವರೇ. ಒಡೆಯನನ್ನು ತಂದೆಯೆಂದೂ ಜೊತೆಯವರನ್ನು ಅಣ್ಣತಮ್ಮಂದಿರೆಂದೂ ಭಾವಿಸುವಂತೆ ಬೆಳೆಸಿದ ಸಂಸ್ಕಾರವು ಬಂಧುಪ್ರೇಮದ ಸಹಜಪ್ರವೃತ್ತಿಯನ್ನು ಬಂಧುವಲ್ಲದವನ ಮೇಲೆ ತಿರುಗಿಸಿತೆಂದು ಜೀವಶಾಸ್ತ್ರಜ್ಞರು ಹೇಳುವುದುಂಟು. ಹಾಗೆಂದ ಕ್ಷಣವೇ ಕಾರ್ಯಭಾರವು ಜೀವಶಾಸ್ತ್ರದಿಂದ ಸಂಸ್ಕಾರದ ಕೈಗೆ ಹೋದುದನ್ನು ಅವರು ಗಮನಿಸುವುದಿಲ್ಲ.

ಪ್ರಾಸಂಗಿಕವಾಗಿ, ಬೇಗೂರಿನ ಕಲ್ಲಿರುವ ಆ ವಸ್ತುಸಂಗ್ರಹಾಲಯದಲ್ಲಿಯೇ ಸುಮಾರು 949ರ ಆತಕೂರಿನ ಕಲ್ಲೂ ಇದೆ: ಗಂಗರ ಅರಸ ಬೂತುಗನು ತನ್ನ ಆಳಾದ ಮಣಲೆರನಿಗೆ ಮೆಚ್ಚಿ ಕೊಟ್ಟ ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ ಸತ್ತುದಕ್ಕೆ ನಿಲ್ಲಿಸಿದುದು. ನಾಯಿಗೂ ಕಲ್ಲು, ಪೂಜೆ, ದತ್ತಿ. ಮನುಷ್ಯನ ಧೈರ್ಯವನ್ನೂ ಪ್ರಾಣಿಯ ಧೈರ್ಯವನ್ನೂ ಒಂದೇ ಜಾತಿಯದೆಂದು ಕಾಣುವುದಕ್ಕೆ ಗಂಗರ ನಾಡು ಡಾರ್ವಿನ್ನನಿಗಾಗಿ ಕಾದಿರಲಿಲ್ಲ. ಆದರೆ ನಾಯಿಯ ನಿಷ್ಠೆಯನ್ನು ತಲೆಮಾರುಗಳಿಂದ ಆಯ್ದು ಆಯ್ದು ಬೆಳೆಸಿದವನು ಮನುಷ್ಯನೇ. ಆಳಿನ ನಿಷ್ಠೆಯನ್ನು ಹಾಗೆ ಆಯ್ದು ಬೆಳೆಸುವಷ್ಟು ತಲೆಮಾರುಗಳು ಯಾವ ಅರಸನ ಕೈಗೂ ಸಿಗಲಿಲ್ಲ.

ಇನ್ನು ಬೇಗೂರಿನಲ್ಲಿಯೇ ನಾಗತ್ತರನ ಮಗಳು ತೊಂಡಬ್ಬೆಯನ್ನು ಕುರಿತ ಶಾಸನ. ಆಕೆ ಸನ್ಯಸನವನ್ನು ಕೈಕೊಂಡು ಅನ್ನವನ್ನು ತೊರೆದು ಮುಡಿಪಿದಳು. ಅಲ್ಲಿ ಕಾಳಗವಿಲ್ಲ, ಕಾಯಬೇಕಾದ ಬಂಧುವಿಲ್ಲ. ಹಸಿವು ಎಂಬ, ದೇಹದಲ್ಲಿ ಎಲ್ಲಕ್ಕಿಂತ ಹಳೆಯದಾದ ಪ್ರವೃತ್ತಿಯನ್ನೇ ಎದುರಿಸಿದ ಸಾವು ಅದು. ಇದನ್ನು ವಿಕಾಸದ ಉಪಫಲವೆಂದು ಬದಿಗೆ ಸರಿಸುವವರಿದ್ದಾರೆ. ಹೊಂದಿದುದನ್ನೆಲ್ಲ ಪ್ರಮಾಣವೆಂದೂ ಹೊಂದದುದನ್ನೆಲ್ಲ ಉಪಫಲವೆಂದೂ ಕರೆಯುವ ಸಿದ್ಧಾಂತಕ್ಕೆ ಸೋಲುವ ದಾರಿಯೇ ಇರುವುದಿಲ್ಲ. ತಂದೆಯ ಸಾವಿನಲ್ಲಿ ಹ್ಯಾಮಿಲ್ಟನ್ನನ ಸೂತ್ರಕ್ಕೆ ನಾನು ಅರ್ಧಕ್ಕಿಂತ ಹೆಚ್ಚು ಅಂಕ ಕೊಡುವೆನು, ಸೇವಕನ ಸಾವಿನಲ್ಲಿ ಅಷ್ಟಿಷ್ಟು, ಮಗಳ ಸಾವಿನಲ್ಲಿ ಏನೂ ಇಲ್ಲ.