ಸತತ ನಾಲ್ಕು ಕಂಚು: ವೀಟಾ ಸೆಮೆರೆಂಕೊ ಸಾಧನೆಯನ್ನು ಅಳೆಯುವುದು ಹೇಗೆ?

ಉಕ್ರೇನಿನ ಬಯಥ್ಲಾನ್ ಆಟಗಾರ್ತಿ ವೀಟಾ ಸೆಮೆರೆಂಕೊ 2011ರಿಂದ 2014ರವರೆಗೆ ಪ್ರತಿ ಚಳಿಗಾಲವೂ ಆ ವರ್ಷದ ಅತಿ ದೊಡ್ಡ ಕೂಟದಲ್ಲಿ ವೈಯಕ್ತಿಕ ಕಂಚು ಗೆದ್ದರು. ಖಾಂತಿ-ಮಾನ್ಸಿಸ್ಕ್‌ನಲ್ಲಿ 15 ಕಿ.ಮೀ., ರೂಪೋಲ್ಡಿಂಗ್‌ನಲ್ಲಿ ಸ್ಪ್ರಿಂಟ್, ನೋವೆ ಮೆಸ್ತೊದಲ್ಲಿ ಮತ್ತೆ ಸ್ಪ್ರಿಂಟ್, ಸೋಚಿ ಒಲಿಂಪಿಕ್ಸ್‌ನಲ್ಲಿ ಇನ್ನೊಮ್ಮೆ ಸ್ಪ್ರಿಂಟ್. ವಿಶ್ವ ಚಾಂಪಿಯನ್‌ಶಿಪ್‌ನ ವೈಯಕ್ತಿಕ ಚಿನ್ನ ಮಾತ್ರ ಕೈಗೆ ಬರಲಿಲ್ಲ. ಆದ್ದರಿಂದ ಅವರನ್ನು ಗೆಲುವಿನ ಹೊಸ್ತಿಲಲ್ಲೇ ನಿಂತುಹೋದವರೆಂದು ಬದಿಗಿಡುವುದು ಸುಲಭ. ಆ ಅಳತೆಯನ್ನು ನಾನು ಒಪ್ಪುವುದಿಲ್ಲ. ಬಯಥ್ಲಾನ್‌ನಂಥ ಆಟದಲ್ಲಿ ನಾಲ್ಕು ವರ್ಷ ಬಿಡದೆ ಮೂರನೆಯವರಾಗುವುದು ಒಮ್ಮೆ ಮೊದಲನೆಯವರಾಗುವುದಕ್ಕಿಂತ ಕಷ್ಟದ ಕೆಲಸ.

ಯಾಕೆಂದು ತಿಳಿಯಲು ಆಟವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ಮಹಿಳೆಯರ ಸ್ಪ್ರಿಂಟ್ ಎಂದರೆ 7.5 ಕಿ.ಮೀ., ಮೂರು ಸುತ್ತು. ಕನಿಷ್ಠ ಮೂರೂವರೆ ಕೆ.ಜಿ. ತೂಕದ ರೈಫಲ್ ಬೆನ್ನಿಗೆ ಕಟ್ಟಿಕೊಂಡೇ ಸ್ಕೀ ಮಾಡಬೇಕು. ಮೊದಲ ಸುತ್ತು ಮುಗಿಸಿ ಬಂದು ಬೋರಲು ಮಲಗಿ ಐದು ಗುಂಡು, ಎರಡನೆಯದು ಮುಗಿಸಿ ನಿಂತು ಐದು ಗುಂಡು. ಗುರಿ 50 ಮೀಟರ್ ದೂರದಲ್ಲಿರುತ್ತದೆ. ಮಲಗಿ ಹೊಡೆಯುವಾಗ ಅದರ ಅಗಲ 45 ಮಿ.ಮೀ., ನಿಂತಾಗ 115 ಮಿ.ಮೀ. ಏರು ಹತ್ತಿ ಬಂದವರ ಎದೆ ಇನ್ನೂ ಹೊಡೆದುಕೊಳ್ಳುತ್ತಿರುತ್ತದೆ, ಒಂದೊಂದು ಮಿಡಿತಕ್ಕೂ ನಳಿಗೆಯ ತುದಿ ಅಲುಗುತ್ತದೆ. ಉಸಿರು ಬಿಟ್ಟು, ಅರೆಗಳಿಗೆ ತಡೆದು, ಆ ಸಂದಿನಲ್ಲೇ ಟ್ರಿಗರ್ ಒತ್ತಬೇಕು. ತಪ್ಪಿದ ಪ್ರತಿ ಗುಂಡಿಗೂ 150 ಮೀಟರಿನ ದಂಡದ ಸುತ್ತು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೆಕೆಂಡು ಹೋಗುತ್ತದೆ, ಅಷ್ಟರಲ್ಲಿ ಪದಕದ ಲೆಕ್ಕವೇ ಬದಲಾಗಿರುತ್ತದೆ. ಇದರ ಮೇಲೆ ಗಾಳಿ ಬೇರೆ. ಸೋಚಿಯಲ್ಲಿ ಮೂರು ಚಿನ್ನ ಗೆದ್ದ ಬೆಲಾರೂಸಿನ ದಾರ್ಯಾ ಡೊಮ್ರಾಚೆವಾ ಅದೇ ಕೂಟದ ಸ್ಪ್ರಿಂಟ್‌ನಲ್ಲಿ ಒಂದು ಗುಂಡು ತಪ್ಪಿ ಒಂಬತ್ತನೆಯ ಸ್ಥಾನಕ್ಕೆ ಜಾರಿದರು. ಇಂಥ ಆಟದಲ್ಲಿ ಪ್ರತಿ ವರ್ಷವೂ, ಅದೂ ಎಲ್ಲರೂ ತಮ್ಮ ಉತ್ತುಂಗದಲ್ಲಿ ಬಂದಿರುವ ದಿನವೇ, ಪದಕದ ಸಾಲಿನಲ್ಲಿ ನಿಲ್ಲುವುದನ್ನು ಅದೃಷ್ಟದ ಖಾತೆಗೆ ಹಾಕಲಾಗದು.

2014ರ ಫೆಬ್ರುವರಿ 9ರ ಆ ಸ್ಪ್ರಿಂಟ್ ವೀಟಾ ಅವರ ಕಲೆಗೆ ಒಳ್ಳೆಯ ಸಾಕ್ಷಿ. ಹತ್ತಕ್ಕೆ ಹತ್ತೂ ಗುರಿ ಬಿದ್ದವು. ಚಿನ್ನ ಗೆದ್ದ ಸ್ಲೊವಾಕಿಯಾದ ಅನಸ್ತಾಸಿಯಾ ಕುಜ್ಮಿನಾ, ಬೆಳ್ಳಿ ಗೆದ್ದ ರಷ್ಯಾದ ಓಲ್ಗಾ ವಿಲುಖಿನಾ ಕೂಡ ಒಂದೂ ಗುಂಡು ತಪ್ಪಿರಲಿಲ್ಲ. ವಿಲುಖಿನಾಗಿಂತ ವೀಟಾ ಹಿಂದೆ ಬಿದ್ದದ್ದು ಎರಡು ಸೆಕೆಂಡಿಗೂ ಕಡಿಮೆ. ಮುಂದೆ 2017ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ವಿಲುಖಿನಾ ಅವರ ಫಲಿತಾಂಶವನ್ನು ರದ್ದು ಮಾಡಿತು. 2020ರ ಸೆಪ್ಟೆಂಬರ್‌ನಲ್ಲಿ ಕ್ರೀಡಾ ನ್ಯಾಯ ಮಂಡಳಿ ಆ ತೀರ್ಮಾನವನ್ನು ತಳ್ಳಿಹಾಕಿತು. ಸುಮಾರು ಮೂರು ವರ್ಷ ತೂಗಾಡಿದ ಫಲಿತಾಂಶದಲ್ಲಿ ವೀಟಾ ಕೊನೆಗೂ ಮೂರನೆಯವರಾಗಿಯೇ ಉಳಿದರು.

ಹಾಗೆಂದು ಅವರ ಕೊರತೆಯನ್ನು ಮುಚ್ಚಿಡಬೇಕಿಲ್ಲ. ಜರ್ಮನಿಯ ಮಗ್ದಲೇನಾ ನಾಯ್ನರ್, ನಾರ್ವೆಯ ತೂರಾ ಬರ್ಗರ್, ಡೊಮ್ರಾಚೆವಾ ಇವರೆಲ್ಲ ಆ ಕಾಲದ ವೇಗಗಾತಿಯರು. ಒಂದು ಗುಂಡು ತಪ್ಪಿದರೂ ಕಾಲಿನ ಬಲದಿಂದ ಸಮಯವನ್ನು ಮರಳಿ ಗಳಿಸಬಲ್ಲವರು. ವೀಟಾಗೆ ಆ ಹೆಚ್ಚುವರಿ ಬಲ ಇರಲಿಲ್ಲ. ಬಂದೂಕು ತಪ್ಪಿದ ದಿನ ಅವರನ್ನು ಎತ್ತಿ ನಿಲ್ಲಿಸಲು ಬೇರೇನೂ ಇರುತ್ತಿರಲಿಲ್ಲ. ಒಂದೇ ಆಸರೆಯ ಮೇಲೆ ನಿಂತ ಆಟಕ್ಕೆ ಮಿತಿ ಇದ್ದೇ ಇರುತ್ತದೆ. ಆದರೆ ಆ ಒಂದು ಆಸರೆಯನ್ನು ಅವರು ಎಷ್ಟು ಗಟ್ಟಿಮಾಡಿಕೊಂಡಿದ್ದರು ಎನ್ನುವುದೇ ನನಗೆ ಬೆಲೆಯುಳ್ಳ ಸಂಗತಿ.

ಚಿನ್ನ ಅವರ ಪಕ್ಕದಲ್ಲೇ ಸುಳಿದಾಡುತ್ತಿತ್ತು ಎನ್ನುವುದೂ ನಿಜ. ನೋವೆ ಮೆಸ್ತೊದ 2013ರ ಸ್ಪ್ರಿಂಟ್‌ನಲ್ಲಿ ಗೆದ್ದದ್ದು ಅವರದೇ ತಂಡದ ಒಲೇನಾ ಪಿದ್‌ಹ್ರುಶ್ನಾ. 2015ರಲ್ಲಿ ಫಿನ್ಲೆಂಡಿನ ಕೊಂಟಿಯೊಲಾಹ್ತಿಯಲ್ಲಿ ಮಾಸ್ ಸ್ಟಾರ್ಟ್‌ನ ವಿಶ್ವ ಚಾಂಪಿಯನ್ ಆದದ್ದು ಅವಳಿ ಸೋದರಿ ವಲ್ಯಾ. ಇಬ್ಬರೂ ಹುಟ್ಟಿದ್ದು 1986ರ ಜನವರಿ 18ರಂದು, ಸುಮಿ ಪ್ರಾಂತದ ಕ್ರಾಸ್ನೊಪಿಲ್ಲಿಯಾದಲ್ಲಿ. ರಷ್ಯಾದ ಗಡಿಗೆ ಅಂಟಿಕೊಂಡಂತಿರುವ ಆ ಊರು ಇಂದಿನ ಯುದ್ಧದಲ್ಲಿ ಶೆಲ್ ದಾಳಿಗೆ ಸಿಕ್ಕಿ ನಲುಗಿದೆ. 1999ರ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಮೆರೆದ ಒಲೇನಾ ಜುಬ್ರಿಲೋವಾ ಕೂಡ ಇದೇ ಪ್ರಾಂತದ ಶೋಸ್ತ್ಕಾದವರು. ಜುಬ್ರಿಲೋವಾ 2002ರಲ್ಲಿ ಬೆಲಾರೂಸಿಗೆ ಹೊರಟುಹೋದರು, ಸೆಮೆರೆಂಕೊ ಸೋದರಿಯರು ಕೊನೆಯವರೆಗೂ ಉಕ್ರೇನಿಗೇ ಆಡಿದರು.

ಸೋಚಿಯಲ್ಲಿ 2014ರ ಫೆಬ್ರುವರಿ 21ರಂದು ನಡೆದ ರಿಲೇಯನ್ನು ಬಿಟ್ಟು ಈ ಬದುಕನ್ನು ತೂಗಲಾಗದು. ಅದಕ್ಕೂ ಹಿಂದಿನ ಮೂರು ದಿನ ಕೀವ್‌ನ ಮೈದಾನ್ ಚೌಕದಲ್ಲಿ ಹತ್ತಾರು ಪ್ರತಿಭಟನಾಕಾರರು ಗುಂಡಿಗೆ ಬಲಿಯಾಗಿದ್ದರು. ಶೋಕದ ಕಪ್ಪು ಪಟ್ಟಿ ಕಟ್ಟಿಕೊಳ್ಳಲು ಅನುಮತಿ ಸಿಗಲಿಲ್ಲವೆಂದು ಉಕ್ರೇನಿನ ಒಲಿಂಪಿಕ್ ಸಮಿತಿ ಹೇಳಿತು. ಆಲ್ಪೈನ್ ಸ್ಕೀಯಿಂಗ್‌ನ ಬೊಹ್ದಾನಾ ಮಾತ್ಸೊತ್ಸ್ಕಾ ತಮ್ಮ ಸ್ಪರ್ಧೆಯನ್ನೇ ಬಿಟ್ಟುಕೊಟ್ಟರು. ರಿಲೇ ತಂಡ ಕಣಕ್ಕಿಳಿಯಿತು. ಈ ಎರಡರಲ್ಲಿ ಯಾವುದು ಹೆಚ್ಚಿನ ಧೈರ್ಯ ಎಂದು ತೂಗುವ ಹಕ್ಕು ದೂರದಲ್ಲಿ ಕೂತ ನಮಗಿಲ್ಲ. ಎರಡಕ್ಕೂ ಬೆಲೆ ಇತ್ತು.

ಮೊದಲ ಸರದಿ ವೀಟಾರದು. ರಿಲೇಯ ಮೊದಲ ಸರದಿಯಲ್ಲಿ ಎಲ್ಲ ದೇಶಗಳವರೂ ಒಟ್ಟಿಗೇ ಹೊರಟು ಒಟ್ಟಿಗೇ ಗುಂಡಿನ ಚಾಪೆಗೆ ಬರುತ್ತಾರೆ. ಪಕ್ಕದವರ ಸದ್ದು ಕಿವಿಗೆ ಬೀಳುತ್ತಲೇ ಇರುತ್ತದೆ, ಅವರ ಅವಸರ ನಮ್ಮ ಬೆರಳಿಗೂ ಅಂಟುತ್ತದೆ. ಇಲ್ಲಿ ಪ್ರತಿ ಸಲದ ಶೂಟಿಂಗ್‌ಗೆ ಮೂರು ಹೆಚ್ಚುವರಿ ಗುಂಡು ಉಂಟು. ಆದರೆ ಅವನ್ನು ಚಳಿಗೆ ಮರಗಟ್ಟಿದ ಬೆರಳಲ್ಲಿ ಒಂದೊಂದಾಗಿ ಕೈಯಿಂದಲೇ ತುಂಬಬೇಕು. ಮೊದಲು ಓಡುವವರು ಓಟವನ್ನು ಗೆದ್ದುಕೊಡಬೇಕಿಲ್ಲ, ಕೈಬಿಡದೆ ಮುಂದಿನವರಿಗೆ ಒಪ್ಪಿಸಿದರೆ ಸಾಕು. ಇಂಥ ಕೆಲಸಕ್ಕೆ ವೀಟಾಗಿಂತ ಸರಿಯಾದವರು ಆ ತಂಡದಲ್ಲಿರಲಿಲ್ಲ. ಅವರ ನಂತರ ಯೂಲಿಯಾ ಜೀಮಾ, ವಲ್ಯಾ, ಕೊನೆಗೆ ಪಿದ್‌ಹ್ರುಶ್ನಾ. ನಾಲ್ವರೂ ಸೇರಿ ಬಳಸಿದ್ದು ಐದೇ ಹೆಚ್ಚುವರಿ ಗುಂಡು, ದಂಡದ ಸುತ್ತು ಒಂದೂ ಇಲ್ಲ. ರಷ್ಯಾ 26 ಸೆಕೆಂಡು ಹಿಂದೆ ಉಳಿಯಿತು. ಆ ರಷ್ಯಾ ತಂಡದ ಬೆಳ್ಳಿ ಮುಂದೆ ಮದ್ದಿನ ಪ್ರಕರಣದಲ್ಲಿ ರದ್ದಾಗಿ ನಾರ್ವೆಗೆ ಹೋಯಿತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 1994ರ ಒಕ್ಸಾನಾ ಬಾಯುಲ್ ನಂತರ ಉಕ್ರೇನಿಗೆ ಬಂದ ಮೊದಲ ಚಿನ್ನ ಇದು. ಪತ್ರಿಕಾಗೋಷ್ಠಿಯಲ್ಲಿ ಮೊದಲು ಕೀವ್‌ನಲ್ಲಿ ಸತ್ತವರಿಗಾಗಿ ಮೌನ ಆಚರಿಸಲಾಯಿತು.

ಈ ಚಿನ್ನ ಒಂದು ದಿನದ ಉದ್ವೇಗದಿಂದ ಬಂದದ್ದು ಎಂದು ಹೇಳುವವರು ಹಿಂದಿನ ದಾಖಲೆ ನೋಡಬೇಕು. 2008ರಲ್ಲಿ ಓಸ್ಟರ್‌ಸುಂಡ್‌ನ ವಿಶ್ವ ಚಾಂಪಿಯನ್‌ಶಿಪ್ ರಿಲೇಯಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿ 22 ವರ್ಷದ ಅವಳಿಗಳಿಬ್ಬರೂ ಇದ್ದರು. 2010ರ ವ್ಯಾಂಕೂವರ್‌ನಿಂದ ಉಕ್ರೇನ್ ಬರಿಗೈಯಲ್ಲಿ ಮರಳಿತು. 2013ರಲ್ಲಿ ಮತ್ತೆ ರಿಲೇ ಬೆಳ್ಳಿ. ಸೋಚಿಯ ಆ ಒಂದು ಗಂಟೆ ಹತ್ತು ನಿಮಿಷದ ಹಿಂದೆ ಆರು ವರ್ಷದ ದುಡಿಮೆ ಇದೆ.

ನನ್ನ ನಿಜವಾದ ತಕರಾರು ವೀಟಾ ಅವರ ಮೇಲಲ್ಲ, ಅವರ ಹಿಂದಿದ್ದ ವ್ಯವಸ್ಥೆಯ ಮೇಲೆ. 2019ರಲ್ಲಿ ಓಸ್ಟರ್‌ಸುಂಡ್‌ನಲ್ಲೂ 2020ರಲ್ಲಿ ಆಂಥೊಲ್ಜ್‌ನಲ್ಲೂ ಉಕ್ರೇನ್ ರಿಲೇ ಕಂಚು ಗೆದ್ದಿತು. ಎರಡೂ ಸಲ ನಾಲ್ವರಲ್ಲಿ ಮೂವರು ಸೋಚಿಯವರೇ, ಹೊಸ ಹೆಸರು ಅನಸ್ತಾಸಿಯಾ ಮೆರ್ಕುಶಿನಾ ಒಂದೇ. ಎರಡೂ ತಂಡದಲ್ಲಿ ವೀಟಾ ಇದ್ದರು. ಆಂಥೊಲ್ಜ್‌ಗೆ ಬರುವಾಗ ಅವರಿಗೆ 34 ತುಂಬಿತ್ತು. ಆ ಎರಡು ಕಂಚುಗಳನ್ನು ಅವರ ದೀರ್ಘ ನಿಷ್ಠೆಗೆ ಸಂದ ಗೌರವವೆಂದು ಓದುವುದು ಅರ್ಧ ಸತ್ಯ. ಸೋಚಿಯ ಚಿನ್ನ ನೋಡಿ ಸ್ಕೀ ಕಟ್ಟಿಕೊಂಡ ಹುಡುಗಿಯರಲ್ಲಿ ಇನ್ನಿಬ್ಬರಾದರೂ ಆ ಹೊತ್ತಿಗೆ ತಂಡದ ಬಾಗಿಲಿಗೆ ಬಂದಿರಬೇಕಿತ್ತು. ಅವರು ಬರುವ ದಾರಿಯನ್ನು ಯಾರೂ ಸರಿಯಾಗಿ ಕಟ್ಟಿರಲಿಲ್ಲ, ಆದ್ದರಿಂದ ಮತ್ತೆ ಮತ್ತೆ ವೀಟಾ ಅವರನ್ನೇ ಕರೆಯಬೇಕಾಯಿತು. ಕರೆದಾಗಲೆಲ್ಲ ಅವರು ಬಂದರು, ಗುರಿ ಕೆಡವಿದರು. 2022ರ ಬೀಜಿಂಗ್‌ನಲ್ಲಿ ಉಕ್ರೇನಿಗೆ ಬಯಥ್ಲಾನ್‌ನ ಒಂದು ಪದಕವೂ ಬರಲಿಲ್ಲ.