ಹಾಡಿನ ಕೊನೆ ಕತ್ತರಿಸಬ್ಯಾಡ್ರಿ

'ಕೆರೆಗೆ ಹಾರ' ಹಾಡಿದಾಗೆಲ್ಲ ಯಾರಾದರೂ ಒಬ್ಬರು ಕೇಳತಾರ: "ಇದು ಖರೇ ನಡೆದದ್ದೇನ್ರಿ? ಯಾವ ಊರ ಕೆರೆ?" ನಾನು ಅಂತೀನಿ, ಕೆರೆ ಹುಡುಕಬ್ಯಾಡ್ರಿ, ಹಾಡು ಪೂರ್ತಿ ಕೇಳ್ರಿ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಕಿರಿ ಸೊಸೆ ಭಾಗೀರತಿಯನ್ನು ಬಲಿ ಕೊಟ್ಟರು, ಕೆರೆ ತುಂಬಿತು. ಅಲ್ಲಿಗೇ ನಿಲ್ಲಿಸಿದರೆ ಬಲಿ ಕೊಟ್ಟದ್ದು ಛಲೋ ಆತು ಅಂದಂಗ ಆಗತೈತಿ. ಆದರೆ ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ತಿರುಗಿ ಬರತಾನ, ಅದೇ ಕೆರೆಗೆ ಹಾರತಾನ. ಹಾಡಿನ ಖರೇತನ ಆ ಕೊನೆಯಲ್ಲಿದೆ.

ಕೊನೆ ಕತ್ತರಿಸಿದರೆ ಏನಾಗತೈತಿ ಅನ್ನೋದನ್ನ 2018ರಾಗ ಕಂಡೆವು. ಬೈಕಿನ ಮ್ಯಾಲೆ ಬಂದವರು ಹುಡುಗನನ್ನು ಎತ್ತಿಕೊಂಡು ಹೋಗುವ ಚಿತ್ರ ಮೊಬೈಲಿನಾಗ ಹರಿದಾಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳನ್ನು ಜೋಪಾನ ಮಾಡ್ರಿ ಎಂದು ತಿಳಿಹೇಳಲು ಆಡಿ ತೋರಿಸಿದ್ದು. ಕೊನೆಗೆ ಹುಡುಗನನ್ನು ತಿರುಗಿ ಬಿಟ್ಟು, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಆ ಕೊನೆಯನ್ನೇ ಯಾರೋ ಕತ್ತರಿಸಿದರು. ಆಟ ಸುದ್ದಿಯಾಯಿತು.

ಅದೇ ವರ್ಷ ಜುಲೈ 1ರಂದು, ಮಕ್ಕಳ ಕಳ್ಳರೆಂಬ ಗಾಳಿಮಾತು ನಂಬಿ, ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಮಂದಿ ಐವರನ್ನು ಬಡಿದು ಕೊಂದರು. ಅವರು ಊರೂರು ತಿರುಗಿ ಬೇಡಿ ಉಣ್ಣುವ ಗೋಸಾವಿಗಳು, ಹೆಚ್ಚಿನವರು ನಮ್ಮ ಜತ್ತಕ್ಕ ಹತ್ತಿದ ಮಂಗಳವೇಢೆ ತಾಲೂಕಿನವರು.

ಹಾಡಿಗೆ ಸಾಕ್ಷಿ ಕೇಳುವ ನಾವು ಸುದ್ದಿಗೆ ಯಾಕ ಕೇಳೋದಿಲ್ಲ? ಭಾಗೀರತಿ ಇದ್ದಳೋ ಇಲ್ಲೋ, ಅವಳ ಹಾಡು ಕೇಳಿ ಯಾರೂ ಬಡಿಗಿ ಹಿಡಿಯೋದಿಲ್ಲ. ಸುದ್ದಿ ಬಂದಾಗ ಕೇಳ್ರಿ: ಎಲ್ಲಿ, ಯಾವಾಗ, ಕಂಡವರು ಯಾರು, ಇದರ ಕೊನೆ ಎಲ್ಲಿ ಹೋತು?